ಮಗಳ ಗಾಡಿ ನಾನು ಹತ್ತಿದ್ದು

ಹೋದ ವರ್ಷ ಜೋಳ ಕೊಯ್ಯುವ ದಿನಗಳ ಮಾತಿದು. ಅದರ ಹಿಂದಿನ ವರ್ಷ ಹತ್ತಿ ತುಂಬಿದ ಟ್ರ್ಯಾಲಿಯ ಮೇಲಿಂದ ಬಿದ್ದು ನನ್ನ ಬಲಪಾದದ ಕೀಲು ಮುರಿದಿತ್ತು. ರಾಡು ಹಾಕಿದ್ದರು. ಕೋಲು ಹಿಡಿದು ಅಂಗಳ ದಾಟುತ್ತಿದ್ದೆ, ಅಷ್ಟೇ. ದೋರನಹಳ್ಳಿಯ ನಮ್ಮ ಮನೆಯಿಂದ ಕುರಿ ಮೇಯುವ ಗುಡ್ಡದವರೆಗೆ ಬರೀ ಕಲ್ಲುದಾರಿ. ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯವರ ಜೊತೆ ಕುರಿ ಹಿಂದೆ ತಿರುಗಿದ ನಾನು ಈಗ ಕಟ್ಟೆಯ ಮೇಲೆ ಕೂತಿದ್ದೆ. ಕೂತಿದ್ದೆ ಅನ್ನುವುದೂ ಸುಳ್ಳು. ಕೂಡುತ್ತಿದ್ದೆ, ಏಳುತ್ತಿದ್ದೆ, ಬಾಗಿಲಿಗೆ ಹೋಗುತ್ತಿದ್ದೆ, ಮತ್ತೆ ಬಂದು ಕೂಡುತ್ತಿದ್ದೆ. ಸಂಜೆ ಅವರು ಮನೆಗೆ ಬಂದರೆ ಯಾವ ಕುರಿ ಈದಿತು, ಯಾವುದು ಕುಂಟುತ್ತಿದೆ ಎಂದು ಕೇಳಿ ಕೇಳಿ ಅವರನ್ನು ಹೈರಾಣ ಮಾಡುತ್ತಿದ್ದೆ.

ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ, ಜೋಳದ ಒಣದಂಟಿನ ಕಣಿಕೆಯ ಮರೆಗೆ, ಮಗಳ ಗಾಡಿಯೊಂದು ಬಿದ್ದಿತ್ತು. ಮಕ್ಕಳು ಓಡಿಸುವ, ನಾಲ್ಕು ದಪ್ಪ ಗಾಲಿಯ ಪೆಟ್ರೋಲ್ ಗಾಡಿ. ಶಹಾಪುರ ರಸ್ತೆಯ ಗಾರ್ಡನ್ ಹೋಟೆಲೊಂದು ಮುಚ್ಚಿದಾಗ, ಅಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಹಣಮಂತ, ಅಲ್ಲಿ ಮಕ್ಕಳ ಆಟಕ್ಕಿದ್ದ ಅದನ್ನು ಅಕ್ಕನ ಮಗಳಿಗೆಂದು ತಂದಿದ್ದ. ಮಗಳು ಬೆಳೆದು ಯಾದಗಿರಿಯ ಹಾಸ್ಟೆಲ್ ಸೇರಿದ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಒಂದು ಮಧ್ಯಾಹ್ನ ಅದನ್ನೇ ನೋಡುತ್ತ ನಿಂತಾಗ ಹೊಳೆಯಿತು. ಇದಕ್ಕೆ ಗೇರಿಲ್ಲ. ಬ್ರೇಕು, ಎಕ್ಸಲೇಟರ್ ಎರಡೂ ಕೈಯಲ್ಲೇ. ಕಾಲಿಗೆ ಏನೂ ಕೆಲಸವಿಲ್ಲ. ನಾನು ಹೇಗೂ ಒಣಕಲು ಮೈಯವಳು, ಗುಡ್ಡದವರೆಗೆ ನನ್ನನ್ನು ಹೊತ್ತೀತು.

ನಮ್ಮ ಮನೆಯವರಿಗೆ ಹೇಳಿದರೆ ಸಿಟ್ಟಾದರು. ಒಮ್ಮೆ ಬಿದ್ದದ್ದು ಸಾಲದೇನು ಎಂದರು. ನಾನು ತಮ್ಮನಿಗೆ ಫೋನ್ ಹಚ್ಚಿದೆ.

ತಮ್ಮ ಈಗ ಕಡೇಚೂರಿನ ಫ್ಯಾಕ್ಟರಿಯಲ್ಲಿದ್ದಾನೆ. ಆದಿತ್ಯವಾರದ ರಜೆಗೆ ಬಂದು ಗಾಡಿ ಬಿಚ್ಚಿದ. ಗಾಳಿ ಹೋಗುವ ಡಬ್ಬಿಯ ತುಂಬ ಇಲಿ ಗೂಡು. ಟ್ಯಾಂಕಿನ ಪೆಟ್ರೋಲ್ ಕಂದುಬಣ್ಣಕ್ಕೆ ತಿರುಗಿ ಅಂಟಾಗಿತ್ತು. ಅದನ್ನೆಲ್ಲ ಚೆಲ್ಲಿ, ಇಂಜಿನ್ನಿಗೆ ಆಯಿಲ್ ಬದಲಿಸಿ, ಹೊಸ ಬ್ಯಾಟರಿ, ಹೊಸ ಪ್ಲಗ್ ಹಾಕಿದ. ಬಟನ್ ಒತ್ತಿದರೆ ಇಂಜಿನ್ ಕರ್ರ್ ಎಂದು ತಿರುಗುತ್ತಿತ್ತೇ ಹೊರತು ಚಾಲೂ ಆಗಲಿಲ್ಲ. ಹೊತ್ತು ಮುಳುಗುವ ಮೊದಲು ಅವನು ಬಸ್ ಹಿಡಿಯಬೇಕಿತ್ತು.

"ಅಕ್ಕಾ, ಗಡಬಡ ಮಾಡಬ್ಯಾಡ. ಮುಂದಿನ ವಾರ ಬಂದು ನೋಡ್ತೀನಿ."

"ಅಲ್ಲೀತನಕ ನನಗ ಕೂಡಾಕ ಆಗಂಗಿಲ್ಲ ತಮ್ಮಾ," ಎಂದೆ.

ನಿಜವಾಗಿಯೂ ಆಗಲಿಲ್ಲ. ಮರುದಿನವೇ ಅವನಿಂದ ಫೋನಿನಲ್ಲಿ ಕೇಳಿಕೊಂಡು ಕಾರ್ಬೊರೇಟರ್ ಬಿಚ್ಚಿದೆ. ಪೆಟ್ರೋಲ್ ಹಾಯುವ ಸೂಜಿಮೊನೆಯಂಥ ತೂತು ಕಟ್ಟಿತ್ತು. ವೈರಿನೊಳಗಿನ ತಾಮ್ರದ ಒಂದೇ ಎಳೆ ತೂರಿಸಿ ಬಿಡಿಸಿದೆ. ರೊಟ್ಟಿ ಬಡಿದರೂ ಕೈಗೆ ಪೆಟ್ರೋಲ್ ವಾಸನೆ. ಮತ್ತೆ ಜೋಡಿಸಿ ಒತ್ತಿದೆ. ಇಲ್ಲ. ಪ್ಲಗ್ ಹೊರಗೆ ತೆಗೆದು ನೋಡಿದರೆ ಕಿಡಿಯೇ ಬರುತ್ತಿರಲಿಲ್ಲ. ಸಿಟ್ಟಿನಿಂದ ಕೋಲು ಬಿಸಾಡಿ, ಆಮೇಲೆ ಅದನ್ನು ತರಲು ತೆವಳಿಕೊಂಡು ಹೋದೆ.

ಹಾಗೆ ತೆವಳುವಾಗಲೇ ಗಾಡಿಯ ಹಿಂಭಾಗ ಕಣ್ಣಿಗೆ ಬಿತ್ತು. ಅಲ್ಲೊಂದು ಖಾಲಿ ತೂತು. ಮಗಳು ಓಡಿಸುವಾಗ ಅಲ್ಲಿಗೆ ಸಿಕ್ಕಿಸಿದ ಕೆಂಪು ದಾರವೊಂದನ್ನು ಹಿಡಿದು ನಾನು ಹಿಂದೆ ಓಡುತ್ತಿದ್ದೆ. ಅವಳು ಜೋರು ಹೋದರೆ ದಾರ ಎಳೆಯುವುದು, ಅದರ ತುದಿಯ ಬಿರಡೆ ಕಳಚಿ ಇಂಜಿನ್ ಬಂದಾಗುವುದು. ಆ ಬಿರಡೆ ಇಲ್ಲದೆ ಕಿಡಿ ಹೇಗೆ ಬಂದೀತು? ಮಗಳ ಹಳೆ ಆಟಿಕೆಗಳ ಡಬ್ಬಿಯನ್ನೆಲ್ಲ ನೆಲಕ್ಕೆ ಸುರುವಿದೆ. ಸಿಕ್ಕಿತು. ಸಿಕ್ಕಿಸಿ ಬಟನ್ ಒತ್ತಿದೆ. ಗಾಡಿ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಆಮೇಲೆ ಹಿಡಿದುಕೊಂಡಿತು.

ಪುಣ್ಯಕ್ಕೆ ಬದುಕಿದೆ ಅನ್ನಬೇಕು. ಹತ್ತಿ ಕೂತು ಹೆಬ್ಬೆರಳಿಂದ ಒತ್ತಿದ ಎಕ್ಸಲೇಟರ್ ಬಿಟ್ಟರೂ ತಿರುಗಿ ಬರಲಿಲ್ಲ, ಒಳಗಿನ ತಂತಿ ತುಕ್ಕು ಹಿಡಿದಿತ್ತು. ಗಾಡಿ ನನ್ನನ್ನು ಹೊತ್ತುಕೊಂಡೇ ಕಣಿಕೆಯ ಬಣವೆಗೆ ನುಗ್ಗಿ ನಿಂತಿತು. ಸಂಜೆ ಚೆಲ್ಲಾಪಿಲ್ಲಿಯಾದ ಬಣವೆ ನೋಡಿ ನಮ್ಮ ಮನೆಯವರು ನೇರ ತಮ್ಮನಿಗೆ ಫೋನ್ ಮಾಡಿ, ಆದಿತ್ಯವಾರ ಬಂದು ಗಾಡಿ ಒಯ್ಯಿ ಎಂದರು.

ಆ ವಾರವೆಲ್ಲ ಇಂಜಿನ್ ಚಾಲೂ ಮಾಡದೆ ತಂತಿಗೆ ಎಣ್ಣೆ ಬಿಟ್ಟು, ಒತ್ತಿ, ಬಿಟ್ಟು, ಅದು ಟಕ್ಕನೆ ಹಿಂದಕ್ಕೆ ಬರುವವರೆಗೂ ತಿಕ್ಕಿದೆ. ಬ್ರೇಕ್ ಮತ್ತೆ ಮತ್ತೆ ಹಿಡಿದು ನೋಡಿದೆ. ಶನಿವಾರ ಅವರು ಕುರಿ ಹೊಡೆದುಕೊಂಡು ಹೋದ ಮೇಲೆ ಗಾಡಿ ಹತ್ತಿದೆ. ಕಲ್ಲು ಕಂಡಲ್ಲೆಲ್ಲ ಬ್ರೇಕ್ ಹಿಡಿಯುತ್ತಿದ್ದೆ. ಹಿಂದಿರುಗಲೇ ಎಂದು ಎಷ್ಟು ಸಲ ಅನ್ನಿಸಿತೋ. ಆದರೂ ಗುಡ್ಡ ಹತ್ತಿರ ಬರುತ್ತಲೇ ಇತ್ತು.

ಸದ್ದಿಗೆ ಕುರಿಗಳು ಬೆದರಿ ದಿಕ್ಕಾಪಾಲಾದವು. ಅವರು ಬೈಯುತ್ತಾರೆಂದು ಇಂಜಿನ್ ಬಂದ್ ಮಾಡಿ ತಲೆತಗ್ಗಿಸಿ ಕೂತೆ. ಅವರು ಬಂದು ನನ್ನ ಕಾಲು ನೋಡಿದರು, ಗಾಡಿ ನೋಡಿದರು. ಅವರ ಕಂಬಳಿಯಲ್ಲಿ ಆಗಷ್ಟೇ ಹುಟ್ಟಿದ ಮರಿಯಿತ್ತು. ಅದನ್ನು ನನ್ನ ಉಡಿಗೆ ಹಾಕಿದರು.

"ಮರಿಗಿ ನಡಿಯಾಕ ಬರಂಗಿಲ್ಲ, ಮನಿಗಿ ಒಯ್ಯಿ. ಸಾವಕಾಶ ಹೋಗು, ತಾಯಿ ಹಿಂದ ಬರತದ."

ನಡಿಗೆಯಷ್ಟು ನಿಧಾನಕ್ಕೆ ಹೊರಟೆ. ಮರಿ ಉಡಿಯಲ್ಲಿ ಅರಚುತ್ತಿತ್ತು, ತಾಯಿ ಕುರಿ ಹಿಂದಿನಿಂದ ಓಗೊಡುತ್ತ ಓಡಿ ಬರುತ್ತಿತ್ತು. ಮರುದಿನ ತಮ್ಮ ಗಾಡಿ ಒಯ್ಯಲು ಬಂದಾಗ, ಬ್ರೇಕ್ ಬಿಗಿ ಮಾಡಿ ಇಲ್ಲೇ ಬಿಟ್ಟು ಹೋಗು ಎಂದು ನಮ್ಮ ಮನೆಯವರೇ ಹೇಳಿದರು.

ಕಾಲು ಇವತ್ತಿಗೂ ಹಾಗೇ ಇದೆ. ಆದರೆ ಆ ಹಸಿ ಮರಿಯ ಬಿಸಿ ಸೀರೆ ದಾಟಿ ಹೊಟ್ಟೆಗೆ ತಾಗಿದ್ದು ಇನ್ನೂ ನನ್ನ ಮೈಯಲ್ಲಿದೆ. ಆ ವರ್ಷ ಎಲ್ಲರೂ ನನಗೆ ಮರುಕ ತೋರಿಸಿದ್ದರು. ಕೆಲಸ ಕೊಟ್ಟದ್ದು ಅವತ್ತು ನಮ್ಮ ಮನೆಯವರೊಬ್ಬರೇ.