ಗುಳ್ಳೆಪ್ಪ ರೇಡಿಯೋದಲ್ಲಿ ಯೋಚನೆ ಮಾಡಿದ್ದು

ಚಿತ್ರಕಥೆ ಪುಸ್ತಕಗಳಲ್ಲಿ ಪಾತ್ರಗಳ ಬಾಯಿಂದ ಬಲೂನಿನ ಹಾಗೆ ಮಾತು ಹೊರಡುತ್ತದಲ್ಲ, ಆ ಗುಳ್ಳೆ ಬರೆಯುವುದಕ್ಕೂ ಒಬ್ಬನಿರುತ್ತಾನೆ. ಕಥೆ ಕಟ್ಟುವವನು ಬೇರೆ, ಚಿತ್ರ ಬಿಡಿಸುವವನು ಬೇರೆ. ಇವನದು ಗುಳ್ಳೆ ಮಾತ್ರ. ಇಟ್ಟ ಹೆಸರು ಕರೆಯುವವರಿಲ್ಲದೆ ತುಕ್ಕು ಹಿಡಿದಿತ್ತು. ಎಲ್ಲರ ಬಾಯಲ್ಲೂ ಗುಳ್ಳೆಪ್ಪ.

ಮೊದಲು ಗುಳ್ಳೆ, ಆಮೇಲೆ ಅದರಲ್ಲಿ ಹಿಡಿಸುವಷ್ಟೇ ಮಾತು. ಕಸುಬಿನ ಈ ಕಟ್ಟಳೆ ಬರಬರುತ್ತ ಮನೆಗೂ ಬಂತು. "ಊಟ ಹೇಗಿದೆ?" ಎಂದು ಹೆಂಡತಿ ಕೇಳಿದರೆ, ಬೆರಳಲ್ಲಿ ಗಾಳಿಯಲ್ಲೊಂದು ಗುಳ್ಳೆ ಬರೆದು, ಅದರ ಅಳತೆ ನೋಡಿ, "ಉಪ್ಪು" ಅನ್ನುವನು. ಜಾಸ್ತಿಯೋ ಕಮ್ಮಿಯೋ ಅನ್ನುವುದಕ್ಕೆ ಜಾಗ ಉಳಿದಿರುತ್ತಿರಲಿಲ್ಲ.

"ಸ್ವಲ್ಪ ದೊಡ್ಡದಾಗಿ ಬರೀರಿ. ಗಾಳಿಗೇನು ಬಾಡಿಗೆ ಕೊಡ್ತೀರಾ?" ಅನ್ನುವಳು ಆಕೆ.

ಅವನ ಹೊಟ್ಟೆಪಾಡು ನಡೆಯುತ್ತಿದ್ದದ್ದು ಹಸಿರು ಮಾವನಿಂದ. ಗ್ರಹದಿಂದ ಗ್ರಹಕ್ಕೆ ನೌಕೆ ಓಡಿಸುತ್ತ ಹೋದಲ್ಲೆಲ್ಲ ಜಗಳ ಬಿಡಿಸುವ ಪಾತ್ರ ಅದು. ಓದುಗರು ಮಾತ್ರ ಕರಗುತ್ತ ಬಂದಿದ್ದರು. ಪ್ರಕಾಶಕರು ಅವನನ್ನು ಕರೆದು ಹೇಳಿದರು: "ನೋಡಪ್ಪಾ, ರೇಡಿಯೋದವರು ಸಂದರ್ಶನಕ್ಕೆ ಕರೆದಿದ್ದಾರೆ. ಕಥೆಗಾರನಿಗೆ ಜ್ವರ, ಚಿತ್ರಗಾರನಿಗೆ ಮೈಕ್ ಕಂಡರೆ ಜ್ವರ. ನೀನೇ ಹೋಗು. ಕೇಳಿದವರು ಪುಸ್ತಕ ಬೇಕು ಅಂದರೆ ಸರಿ. ಇಲ್ಲದಿದ್ದರೆ ಹಸಿರು ಮಾವನ್ನ ಕಪ್ಪುರಂಧ್ರಕ್ಕೆ ತಳ್ಳಿ ಕೈ ತೊಳ್ಕೊಳ್ಳೋಣ."

ಆ ರಂಧ್ರದೊಳಕ್ಕೆ ಮಾವನ ಹಿಂದೆಯೇ ಗುಳ್ಳೆಪ್ಪನೂ ಬೀಳುವವನು.

ರೇಡಿಯೋ ಕೋಣೆಯ ಗೋಡೆಗೆಲ್ಲ ತೂತುತೂತಿನ ಹಲಗೆ. ಗಾಜಿನಾಚೆ ಗುಂಡಿ ತಿರುಗಿಸುವಾತ ಕೂತಿದ್ದ. ಪ್ರಶ್ನೆ ಕೇಳುವ ಅಕ್ಕ ಹಸಿರು ಮಾವನನ್ನು ಓದಿಕೊಂಡೇ ಬೆಳೆದವಳು. ಕೆಂಪು ದೀಪ ಹತ್ತಿತು. ಇನ್ನು ಆಡಿದ್ದೆಲ್ಲ ನೇರ ಪ್ರಸಾರ.

"ಈ ಕೆಲಸಕ್ಕೆ ಹೇಗೆ ಬಂದ್ರಿ, ಸಾರ್?"

ಗುಳ್ಳೆಪ್ಪ ಚೀಲದಿಂದ ಕಾಗದ ತೆಗೆದ. ಗುಳ್ಳೆ ಬರೆದ, ಅದರೊಳಗೆ ಉತ್ತರ ತುಂಬಿದ, ಮೈಕಿನ ಮುಂದೆ ಹಿಡಿದ. ಮೈಕು ಓದಲಿಲ್ಲ.

ಗಾಜಿನಾಚೆಯಾತ ತಲೆ ಚಚ್ಚಿಕೊಂಡ. ಅಕ್ಕ ತಾನೇ ಬಗ್ಗಿ ಓದಿದಳು: "'ಅಕ್ಷರ ದುಂಡಗಿತ್ತು' ಅಂತಾರೆ. ಸಾರ್, ಬಾಯಲ್ಲೇ ಹೇಳಬಹುದಲ್ಲ?"

ಅವನು ಇನ್ನೊಂದು ಗುಳ್ಳೆ ಹಿಡಿದ. "'ಅಳತೆ ತಪ್ಪುತ್ತೆ' ಅಂತಾರೆ. ಹೋಗಲಿ ಬಿಡಿ. ಬೇರೆ ಗ್ರಹಗಳಲ್ಲಿ ಜೀವ ಇದೆಯಾ, ಸಾರ್?"

ಆಗಲೇ ಗುಳ್ಳೆಪ್ಪನ ತೊಡೆಗೆ ಜೇಬಿನಲ್ಲಿದ್ದ ಮನೆಯ ಬೀಗದಕೈ ಚುಚ್ಚಿತು. ಕೈ ತನ್ನಷ್ಟಕ್ಕೆ ಮೋಡದಾಕಾರದ ಗುಳ್ಳೆ ಬರೆಯಿತು. ಪಾತ್ರ ಮನಸ್ಸಿನಲ್ಲಿ ಅಂದುಕೊಳ್ಳುವುದನ್ನು ಬರೆಯುವುದು ಅದರಲ್ಲಿ. ಒಳಗಿದ್ದದ್ದು ಇಷ್ಟೇ: 'ಹೆಂಡತಿಯನ್ನು ಒಳಗೇ ಬಿಟ್ಟು ಬೀಗ ಹಾಕಿಬಂದೆನೋ ಏನೋ.'

ಅಕ್ಕ ನೋಡಿ ಮೈಕಿನ ಕಡೆ ತಿರುಗಿದಳು. "ಕೇಳುಗರೇ, ಇದನ್ನ ನಾನು ಓದೋ ಹಾಗಿಲ್ಲ. ಇದು ಮೋಡದ ಗುಳ್ಳೆ. ಇವರು ಮಾತಾಡಿಲ್ಲ, ಯೋಚನೆ ಮಾಡಿದ್ದಾರೆ. ಮೋಡದಲ್ಲಿರೋದನ್ನ ಬಾಯಿಬಿಟ್ಟು ಹೇಳಿದರೆ ನಾನೆಂಥ ಹಸಿರು ಮಾವನ ಓದುಗಾರ್ತಿ?"

ಫೋನುಗಳು ಬಡಿದುಕೊಳ್ಳತೊಡಗಿದವು. ಬೇರೆ ಗ್ರಹದ ಜೀವಗಳ ಬಗ್ಗೆ ಆ ಮನುಷ್ಯನಿಗೆ ಏನು ಗೊತ್ತು? ಯಾಕೆ ಮುಚ್ಚಿಡುತ್ತೀರಿ? ವಿಜ್ಞಾನದ ಮೇಷ್ಟರೊಬ್ಬರು ಗೊತ್ತಾಗುವವರೆಗೆ ಪಾಠ ಮಾಡುವುದಿಲ್ಲ ಎಂದರು. ಕೊನೆಗೆ ಪ್ರಕಾಶಕರೇ ಫೋನ್ ಮಾಡಿದರು: "ಅದೇನಮ್ಮಾ ಬರೆದಿದ್ದಾನೆ? ನನಗೊಬ್ಬನಿಗೆ ಹೇಳು."

"ಮುಂದಿನ ಸಂಚಿಕೇಲಿ ಹಸಿರು ಮಾವನೇ ಯೋಚನೆ ಮಾಡ್ತಾನೆ, ಓದಿಕೊಳ್ಳಿ," ಎಂದಳು ಅಕ್ಕ, ಎಲ್ಲರಿಗೂ ಕೇಳುವ ಹಾಗೆ.

ಗುಳ್ಳೆಪ್ಪ ಓಡೋಡಿ ಮನೆಗೆ ಬಂದು ಬೀಗ ತೆಗೆದ. ಹೆಂಡತಿ ರೇಡಿಯೋ ತೊಡೆಯ ಮೇಲಿಟ್ಟುಕೊಂಡು ಬಾಗಿಲಿಗೆ ಎದುರಾಗಿಯೇ ಕೂತಿದ್ದಳು.

"ಬೇರೆ ಗ್ರಹದಲ್ಲಿ ಜೀವ ಇದೆಯೋ ಇಲ್ಲವೋ, ಈ ಮನೆಯೊಳಗೆ ಒಂದಿತ್ತು. ನೆನಪಿತ್ತಾ?"

ಅವನು ಎರಡೂ ತೋಳು ಚಾಚಿ ಗಾಳಿಯಲ್ಲಿ ಇಷ್ಟಗಲ ಗುಳ್ಳೆ ಬರೆದ. ಆಕೆ ಕಾದಳು.

"ಇತ್ತು," ಎಂದ.

"ಇಷ್ಟಕ್ಕೆ ಅಷ್ಟು ದೊಡ್ಡದಾ?"

ಮುಂದಿನ ಸಂಚಿಕೆಯಲ್ಲಿ ಹಸಿರು ಮಾವ ನಕ್ಷತ್ರಗಳ ನಡುವೆ ತಟಕ್ಕನೆ ನೌಕೆ ನಿಲ್ಲಿಸಿ, ಹೆಂಡತಿಯನ್ನು ಒಳಗೇ ಬಿಟ್ಟು ಬೀಗ ಹಾಕಿಬಂದೆನೋ ಏನೋ ಎಂದುಕೊಂಡು, ಹಿಂದಕ್ಕೆ ತಿರುಗಿಸಿದ. ಅಂಗಡಿಗಳಲ್ಲಿ ಪ್ರತಿ ಉಳಿಯಲಿಲ್ಲ. ಪ್ರಕಾಶಕರು ಕಪ್ಪುರಂಧ್ರದ ಮಾತೇ ಎತ್ತಲಿಲ್ಲ. ಮಾವ ಇನ್ನೂ ಮನೆ ತಲುಪಿಲ್ಲ; ದಾರಿಯುದ್ದಕ್ಕೂ ಜಗಳಗಳು.

"ಒಳಗೆ ಕೂತಿರೋ ಹಸಿರು ಅತ್ತೆಗೂ ಒಂದು ಗುಳ್ಳೆ ಕೊಡಿ," ಎಂದಳು ಹೆಂಡತಿ. "ಏನು ಬರೀಬೇಕು ಅಂತ ನಾನು ಹೇಳ್ತೀನಿ."

ಅವಳು ಹೇಳುತ್ತಾ ಹೋದಳು, ಗುಳ್ಳೆಪ್ಪ ಬರೆಯುತ್ತಾ ಹೋದ. ಆ ಪುಟದಲ್ಲಿ ಚಿತ್ರ ಬಿಡಿಸುವವನಿಗೆ ಜಾಗವೇ ಉಳಿಯಲಿಲ್ಲ.