ಸೈರಾಗುಲಕ್ಕನ ಕೈಮಾತು

ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವಳು ನಮ್ಮಕ್ಕ ಸೈರಾಗುಲ್. ಅವಳಿಗೆ ಕಿವಿ ಕೇಳುತ್ತಿರಲಿಲ್ಲ, ಬಾಯಿಂದ ಮಾತೂ ಬರುತ್ತಿರಲಿಲ್ಲ. ಮಾತೆಲ್ಲ ಕೈಯಲ್ಲೇ. ಎರಡು ವರ್ಷದವಳಿದ್ದಾಗ ಮೆದುಳಿಗೇರಿದ ಜ್ವರ ಜೀವವನ್ನು ಉಳಿಸಿ ಕಿವಿಯನ್ನು ಮಾತ್ರ ಕೊಂಡೊಯ್ದಿತ್ತು. ಹೆಸರಿಟ್ಟದ್ದು ಅದಕ್ಕೂ ಮೊದಲು. ನಮ್ಮ ಭಾಷೆಯಲ್ಲಿ ಸೈರಾ ಅಂದರೆ ಹಕ್ಕಿಯ ಹಾಗೆ ಹಾಡು ಅಂತ. ನಮ್ಮೂರು ತೋಕ್ಮೋಕ್‌ನ ಬಜಾರಿನಲ್ಲಿ ಯಾರಾದರೂ ಆ ಹೆಸರು ಕೇಳಿ ಅಯ್ಯೋ ಪಾಪ ಎಂಬ ಮುಖ ಮಾಡಿದರೆ ಅಕ್ಕ ನನ್ನ ಮೊಣಕೈ ತಿವಿಯುತ್ತಿದ್ದಳು. "ಹೇಳು ಅವಳಿಗೆ, ನಾನು ಹಾಡೋದು ಬಿಟ್ಟಿದ್ದಕ್ಕೇ ಈ ಊರಲ್ಲಿ ಇನ್ನೂ ಜನ ಉಳ್ಕೊಂಡಿರೋದು ಅಂತ!"

ನಾನು ಹೇಳುತ್ತಿದ್ದೆ. ಅವಳಿಗಿಂತ ಐದು ವರ್ಷ ಚಿಕ್ಕವಳು ನಾನು, ಬುರುಲ್. ನಡೆಯಲು ಕಲಿತಾಗಿನಿಂದ ಅವಳ ಕಿವಿಯೂ ಬಾಯಿಯೂ ನಾನೇ. ಡಾಕ್ಟರ ಮುಂದೆ, ಹೊಲಿಗೆ ಕಾರ್ಖಾನೆಯ ಒಡತಿಯ ಮುಂದೆ, ಕಡೆಗೆ ಹೆಣ್ಣು ನೋಡಲು ಬಂದವರ ಮುಂದೆಯೂ ನಾನೇ ಕೂತಿದ್ದೆ.

ಬಂದವರು ಇಶೆನ್ ಭಾವನ ಕಡೆಯವರು. ಭಾವನಿಗೂ ಕಿವಿ ಕೇಳುವುದಿಲ್ಲ. ಇಬ್ಬರೂ ಬಿಷ್ಕೆಕ್‌ನ ಒಂದೇ ಕಿವುಡರ ಶಾಲೆಯಲ್ಲಿ ಓದಿದವರು. ಹಿರಿಯರು ಚಹಾ ಕುಡಿಯುತ್ತಾ ಗಂಭೀರವಾಗಿ ಕೂತಿದ್ದರೆ ಇವರಿಬ್ಬರ ಕೈಗಳು ಎಣ್ಣೆಯಲ್ಲಿ ಕರಿದ ಬೂರ್ಸೋಕ್ ತಟ್ಟೆಯ ಮೇಲೆ ಹಾರಾಡುತ್ತಿದ್ದವು.

"ಏನಂತೆ?" ಅಂತ ಅವ್ವ ನನ್ನ ಕಿವಿಯಲ್ಲಿ ಕೇಳಿದಳು.

"ಅತ್ತೆಯ ಆರೋಗ್ಯ ವಿಚಾರಿಸ್ತಿದ್ದಾಳೆ" ಅಂದೆ.

ನಿಜವಾಗಿ ಅಕ್ಕ ಕೇಳಿದ್ದು, "ಇಷ್ಟು ದೊಡ್ಡ ಕಿವಿ ಇಟ್ಕೊಂಡು ಏನು ಮಾಡ್ತೀಯ? ಟೋಪಿ ನಿಲ್ಸೋಕಾ?" ಎಂದು. ಭಾವ ನಕ್ಕು ನಕ್ಕು ಚಹಾ ಚೆಲ್ಲಿಕೊಂಡಿದ್ದರು. ಆ ಮನೆಗೇ ಅವಳು ಸೊಸೆಯಾಗಿ ಹೋದಳು.

ಮಕ್ಕಳಾಗಲಿಲ್ಲ. ಭಾವ ಗೋಡೆಗೆ ಗಾರೆ ಮಾಡುವವರು. ಊರಲ್ಲಿ ಕೆಲಸ ಕಡಿಮೆಯಾದಾಗ ಎಲ್ಲರ ಹಾಗೆ ರಷ್ಯಾದ ದಾರಿ ಹಿಡಿದು ನೊವೊಸಿಬಿರ್ಸ್ಕ್ ಸೇರಿಕೊಂಡರು. ಮೊದಲ ಎರಡು ವರ್ಷ ಇಬ್ಬರ ಕೈಯಲ್ಲೂ ಗುಂಡಿ ಒತ್ತುವ ಸಣ್ಣ ಫೋನು. ಅದರಲ್ಲಿ ಅಕ್ಷರ ಕಳಿಸಬಹುದಿತ್ತು ಅಷ್ಟೇ. 'ಚೆನ್ನಾಗಿದ್ದೇನೆ. ಚಳಿ. ಊಟ ಆಯಿತು.' ಅಕ್ಷರ ಅವರ ಭಾಷೆಯಲ್ಲ, ಶಾಲೆಯಲ್ಲಿ ಹೊಡೆದು ಕಲಿಸಿದ್ದು. ಬೀದಿಗೆಲ್ಲ ಹೆಸರಿಟ್ಟು ನಗಿಸುತ್ತಿದ್ದ ನಮ್ಮಕ್ಕ ಆ ಮೂರು ಸಾಲಿನಲ್ಲಿ ಎಲ್ಲೂ ಇರುತ್ತಿರಲಿಲ್ಲ.

ಅಷ್ಟರಲ್ಲಿ ನಾನು ಬಜಾರಿನಲ್ಲಿ ಅಂಗಡಿಯಾಗಿಸಿದ ಸರಕಿನ ಕಂಟೇನರ್‌ಗಳ ಸಾಲಿನಲ್ಲಿ ಫೋನು ರಿಪೇರಿ ಅಂಗಡಿ ಹಾಕಿದ್ದೆ. ಮುಂದೆಯೂ ಕ್ಯಾಮೆರಾ ಇರುವ ಸ್ಮಾರ್ಟ್‌ಫೋನು ಅಗ್ಗವಾದ ವರ್ಷವೇ ಒಂದನ್ನು ಅವಳಿಗೆ ತಂದುಕೊಟ್ಟೆ. ಭಾವ ಅಲ್ಲೊಂದು ಕೊಂಡರು. ಮೊದಲ ದಿನ ಅಕ್ಕ ಫೋನನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಮಾತಾಡಿದಳು. ಅರ್ಧ ಮಾತು ತುಂಡಾಯಿತು, ಸಿಟ್ಟು ಬಂತು. ಆಮೇಲೆ ಸಕ್ಕರೆ ಡಬ್ಬಿಗೆ ಫೋನು ಒರಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ಎರಡೂ ಕೈ ಎತ್ತಿದಳು. ಎರಡು ವರ್ಷದ ಮಾತು! ಬೆರಳು ಎಷ್ಟು ಜೋರಾಗಿ ಓಡಿತೆಂದರೆ ಆ ಕಡೆ ಭಾವನಿಗೆ ಬರೀ ಮಂಜು ಕಂಡಿತಂತೆ. "ನಿಧಾನ, ನಿಧಾನ! ನಿನ್ನ ಕೈಗೆ ಇಂಟರ್‌ನೆಟ್ ಸಾಲ್ತಾ ಇಲ್ಲ" ಅಂದರು. ನಾನು ಎದ್ದು ಹೊರಗೆ ಹೋದೆ. ಹಿಂದಿರುಗಿದಾಗ ಚಹಾ ಆರಿ ಕೆನೆಗಟ್ಟಿತ್ತು, ಅವಳು ಇನ್ನೂ ಮಾತಾಡುತ್ತಿದ್ದಳು.

ಅಂದಿನಿಂದ ಏಳು ವರ್ಷ, ದಿನವೂ ಮಧ್ಯಾಹ್ನ ಹನ್ನೆರಡಕ್ಕೆ, ಅಲ್ಲಿನ ಗಡಿಯಾರದಲ್ಲಿ ಒಂದಾದಾಗ, ಊಟದ ಬಿಡುವಿನಲ್ಲಿ ಅವರ ಮಾತು. ಮುಖದ ಮೇಲೆ ಬೆಳಕು ಬೀಳಬೇಕೆಂದು ಅಕ್ಕ ಮೇಜನ್ನು ಕಿಟಕಿಯ ಕಡೆಗೆ ತಿರುಗಿಸಿಟ್ಟಿದ್ದಳು. ಕರೆ ಬಂದರೆ ಫೋನಿನ ಬೆನ್ನಿನ ದೀಪ ಮಿನುಗುವ ಹಾಗೆ ಮಾಡಿಕೊಟ್ಟಿದ್ದೆ. ಕಾರ್ಖಾನೆಯ ಬಟ್ಟೆಯನ್ನು ಮನೆಯಲ್ಲೇ ಹೊಲಿಯುತ್ತಿದ್ದಳು; ಯಂತ್ರದ ಪಕ್ಕ ಅದು ಮಿನುಗಿತೆಂದರೆ ಅವಳು ನೂಲು ಕೂಡ ಕತ್ತರಿಸದೆ ಏಳುತ್ತಿದ್ದಳು.

ಎದುರಿನವರು ಆಡಿದ್ದನ್ನು ಅಕ್ಷರ ಮಾಡಿ ತೋರಿಸುವ ವಿದ್ಯೆಯೂ ಆ ಫೋನಿಗೆ ಬಂತು. ಅದನ್ನೂ ನಾನೇ ಹಾಕಿಕೊಟ್ಟೆ. ಒಂದು ದಿನ ಆಸ್ಪತ್ರೆಯಲ್ಲಿ ಎಂದಿನಂತೆ ಅವಳ ಹಿಂದೆ ಡಾಕ್ಟರ ಕೋಣೆಗೆ ಹೊರಟೆ. ಅಕ್ಕ ಬಾಗಿಲಲ್ಲೇ ತಡೆದಳು. "ನೀನು ಹೊರಗಿರು."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಬೆಂಚಿನ ಮೇಲೆ ಕೂತು ಗೋಡೆ ನೋಡುತ್ತಿದ್ದೆ. ಹೊರಗೆ ಬಂದವಳು ನನ್ನ ಮುಖ ನೋಡಿಯೇ ತಿಳಿದಳು. "ಮೂವತ್ತೇಳು ವರ್ಷ ಆಯ್ತು ಬುರುಲ್. ನನ್ನ ಹೊಟ್ಟೆನೋವು ನನಗೊಬ್ಬಳಿಗೇ ಸೇರಿದ್ದು ಇವತ್ತೇ ಮೊದಲು. ಖುಷಿಪಡು ಕಣೇ" ಅಂದಳು. ಖುಷಿಪಡಲು ನನಗೆ ಬಹಳ ದಿನ ಹಿಡಿಯಿತು.

ಒಂದು ಬೇಸಿಗೆ ಭಾವ ಊರಿಗೆ ಬಂದಾಗ ಅವರ ಫೋನಿಗೂ ಒಂದು ಹೊಸ ಸೌಕರ್ಯ ಹಾಕಿದೆ. ಬೇಕಾದ ನಂಬರು ಕೊಟ್ಟು, ಬರೆದು ಕಳಿಸಿದರೆ ಒಂದು ಯಂತ್ರ ಆ ನಂಬರಿಗೆ ಕರೆ ಮಾಡಿ ಬರೆದದ್ದನ್ನು ಓದಿ ಹೇಳುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡಿದೆವು. ಹೆಣ್ಣುಧ್ವನಿ, ರಷ್ಯನ್ ಭಾಷೆಯ ವಾರ್ತೆ ಓದುವವಳ ಹಾಗೆ. "ಭಾವ, ನಿಮಗೆ ಒಳ್ಳೆ ಗಂಟಲು ಬಂತು, ಮೀಸೆಗೆ ಮಾತ್ರ ಹೊಂದ್ತಿಲ್ಲ" ಎಂದು ಕೈಯಲ್ಲಿ ಹೇಳಿದೆ. ಅಕ್ಕ ನೆಲಕ್ಕೆ ಕುಸಿದು ನಕ್ಕಳು. ಆ ಕರೆ ನನ್ನ ಫೋನಿನಲ್ಲಿ ಯಾವುದೋ ಅಪರಿಚಿತ ನಂಬರಾಗಿ ಕಂಡಿತ್ತು. ಅದನ್ನು ಹೆಸರು ಹಾಕಿ ಉಳಿಸಿಕೊಳ್ಳಬೇಕಿತ್ತು. ಉಳಿಸಿಕೊಳ್ಳಲಿಲ್ಲ.

ಅದರ ಮುಂದಿನ ಫೆಬ್ರವರಿಯಲ್ಲಿ ಅಕ್ಕನಿಗೆ ನಲವತ್ತೊಂದು. ಮಧ್ಯಾಹ್ನ ಎಂದಿನ ಹಾಗೆ ಮಾತು ಶುರುವಾಗಿತ್ತು. ಪಕ್ಕದ ಮನೆಯವಳ ಹೊಸ ಹಲ್ಲಿನ ಸೆಟ್ಟಿನ ಬಗ್ಗೆ ಏನೋ ಹೇಳುತ್ತಿದ್ದಳಂತೆ. ಬಲಗೈ ಎದೆಯ ಮಟ್ಟದಲ್ಲಿ ನಿಂತಿತು. ಬೆರಳುಗಳು ಅರ್ಧ ಮಡಿಸಿದಂತೆಯೇ ಇದ್ದವು. ಭಾವ ನೆಟ್‌ವರ್ಕ್ ಹೋಯಿತು, ಚಿತ್ರ ನಿಂತಿತು ಎಂದುಕೊಂಡರು. ಅದು ದಿನಾ ಆಗುವುದೇ. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು ಕಾದರು. ಆಮೇಲೆ ನೋಡಿದರೆ ಅವಳ ಹಿಂದೆ ಬಾಗಿಲ ಪರದೆ ಅಲ್ಲಾಡುತ್ತಿತ್ತು. ಚಹಾದ ಹಬೆ ಏಳುತ್ತಿತ್ತು. ನಿಂತದ್ದು ಚಿತ್ರವಲ್ಲ, ಅಕ್ಕ. ಅವಳ ಬಾಯಿ ಒಂದು ಕಡೆ ಜಾರಿತು, ಮೆಲ್ಲಗೆ ವಾಲಿ ಮೇಜಿನ ಕೆಳಗೆ ಹೋದಳು. ಕಂಡದ್ದು ಖಾಲಿ ಕುರ್ಚಿ.

ನನಗೆ ಕರೆ ಮಾಡಬೇಕೆಂದರೆ ಭಾವ ಆ ಚಿತ್ರವನ್ನು ಮುಚ್ಚಬೇಕಿತ್ತು. "ಬೆರಳು ಒತ್ತೋಕೆ ಆಗ್ಲಿಲ್ಲ ಬುರುಲ್. ಮುಚ್ಚಿದ್ರೆ ಅವಳು ಹೋಗೇಬಿಡ್ತಾಳೆ ಅನ್ನಿಸ್ತು" ಎಂದು ಆಮೇಲೆ ಹೇಳಿದರು. ಆದರೂ ಮುಚ್ಚಿದರು.

ನಾನು ಅಂಗಡಿಯಲ್ಲಿ ಒಡೆದ ಗಾಜು ಬಿಡಿಸುತ್ತಿದ್ದೆ. ಕೆಲಸದ ಹೊತ್ತಿನಲ್ಲಿ ಸಂದೇಶಗಳ ಸದ್ದನ್ನು ಮುಚ್ಚಿಡುವುದು ನನ್ನ ಅಭ್ಯಾಸ. ಅವರು ಬರೆದದ್ದೊಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ಫೋನು ರಿಂಗಾಯಿತು. ಗೊತ್ತಿಲ್ಲದ ನಂಬರು. ಹೆಣ್ಣುಧ್ವನಿ: "ನಮಸ್ಕಾರ. ಈ ಕರೆಯನ್ನು..." ಕತ್ತರಿಸಿದೆ. ಆ ಚಳಿಗಾಲದಲ್ಲಿ ದಿನಕ್ಕೆ ಹತ್ತು ಸಲ ಇಂಥ ಮೋಸದ ಕರೆಗಳು ಬರುತ್ತಿದ್ದವು. ಎರಡು ನಿಮಿಷ ಬಿಟ್ಟು ಮತ್ತೆ ಅದೇ. "ನಮಸ್ಕಾರ. ಈ ಕರೆಯನ್ನು ಬರಹದಿಂದ..." ಬೈದು ಕತ್ತರಿಸಿದೆ.

ಭಾವ ಅಲ್ಲಿ ಮೆಟ್ಟಿಲಿಳಿದು ಮೇಸ್ತ್ರಿಯ ಹತ್ತಿರ ಓಡಿದರಂತೆ. ಇವರು ರಜೆ ಕೇಳಲು ಬಂದರೆಂದುಕೊಂಡು ಅವನು ಕೈಯಾಡಿಸಿ ಕಳಿಸಿದ. ಇನ್ನೊಬ್ಬ, ಇವರು ಮುಂದೆ ಹಿಡಿದ ಫೋನು ಮಾರಾಟಕ್ಕೆಂದು ತಿಳಿದು ಬೇಡವೆಂದು ತಲೆಯಲ್ಲಾಡಿಸಿದ. ಹಾಗೆ ಇಪ್ಪತ್ತು ನಿಮಿಷ ಹೋಯಿತು.

ಮೂರನೇ ಸಲ ರಿಂಗಾದಾಗ ನನ್ನ ಮುಂದೆ ಒಬ್ಬ ವಯಸ್ಸಾದ ಹೆಂಗಸು ಕವರು ಆರಿಸುತ್ತಾ ಕೂತಿದ್ದಳು. "ಮತ್ತೆ ಆ ಕಳ್ಳರೇನಮ್ಮಾ? ಸ್ಪೀಕರಿಗೆ ಹಾಕು, ನಾನು ಬೈತೀನಿ. ನನಗೂ ಹೊತ್ತು ಹೋಗ್ಬೇಕಲ್ಲ" ಅಂದಳು. ನಗುತ್ತಾ ಹಾಕಿದೆ. ಆ ಧ್ವನಿ ಏರಿಳಿತವೇ ಇಲ್ಲದೆ ಓದಿತು: "ನಮಸ್ಕಾರ. ಈ ಕರೆಯನ್ನು ಬರಹದಿಂದ ಓದಲಾಗುತ್ತಿದೆ. ಬುರುಲ್. ಬುರುಲ್. ಸೈರಾ ಬಿದ್ದಿದ್ದಾಳೆ. ಕೈ ನಿಂತಿದೆ. ಓಡು. ಇಶೆನ್. ಓಡು."

ಓಡಿದೆ. ಅಂಗಡಿ ತೆರೆದೇ ಇತ್ತು. ಆ ಹೆಂಗಸು ಸಂಜೆಯವರೆಗೆ ಅಲ್ಲೇ ಕಾವಲು ಕೂತಿದ್ದಳೆಂದು ಆಮೇಲೆ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು, "ಬಿದ್ದು ಎಷ್ಟು ಹೊತ್ತಾಯ್ತು?" ಎಂದರು. ಹೇಳಿದೆ. ಏಕೆ ತಡವಾಯಿತೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಬೇಗ ಬಂದಿದ್ದರೆ ಏನಾಗುತ್ತಿತ್ತೆಂದು ಒಂದು ವಾರ ಬಿಟ್ಟು ಧೈರ್ಯ ಮಾಡಿ ಕೇಳಿದಾಗ, "ಹೇಳೋಕಾಗಲ್ಲಮ್ಮಾ, ಹೇಳೋಕಾಗಲ್ಲ" ಅಂದರು. ಆ ಉತ್ತರವನ್ನು ಇವತ್ತಿಗೂ ಯಾವ ಕಡೆ ತಿರುಗಿಸಿ ಇಟ್ಟುಕೊಳ್ಳಬೇಕೋ ತಿಳಿಯುತ್ತಿಲ್ಲ.

ಲಕ್ವ ಹೊಡೆದು ಬಲಗೈ ಹೋಯಿತು. ಎಡಗೈ ಇದೆಯಲ್ಲ, ಮಾತಾಡುತ್ತಾಳೆ ಎಂದುಕೊಂಡಿದ್ದೆವು. ಆದರೆ ಮಾತೇ ಒಳಗೆ ಕಲಸಿಹೋಗಿತ್ತು. ಚಹಾ ಬೇಕೆನ್ನಲು ಹೋಗಿ ಹಿಮ ಎನ್ನುತ್ತಿದ್ದಳು. ನನ್ನ ಹೆಸರು ಮಾಡಲು ಹೋಗಿ ಕತ್ತರಿ ಮಾಡುತ್ತಿದ್ದಳು. ತಪ್ಪೆಂದು ಅವಳಿಗೇ ತಿಳಿಯುತ್ತಿತ್ತು. ತನ್ನ ಬೆರಳನ್ನೇ ದಿಟ್ಟಿಸಿ ನೋಡಿ ಕೈಯನ್ನು ಹಾಸಿಗೆಗೆ ಬಡಿಯುತ್ತಿದ್ದಳು. "ಮೂಗರಿಗೂ ಮಾತು ಬಿದ್ದುಹೋಗುತ್ತಾ?" ಎಂದು ನರ್ಸು ಕೇಳಿದಳು. ಅವಳ ಮೇಲೆ ಕೋಪ ಬರಲಿಲ್ಲ. ನನಗೂ ಅಂದಿನವರೆಗೆ ಗೊತ್ತಿರಲಿಲ್ಲ.

ಭಾವ ಕೆಲಸ ಬಿಟ್ಟು ನಾಲ್ಕು ದಿನದಲ್ಲಿ ಬಂದರು. ಹಾಸಿಗೆಯ ಎಡಕ್ಕೆ ಕೂತು ತಮ್ಮ ಬಲಗೈಯನ್ನು ಅವಳ ಎಡಗೈ ಜೊತೆ ಸೇರಿಸಿದರು. ಎರಡು ಕೈ ಬೇಕಾದ ಮಾತಿಗೆ ಒಂದು ಅವರದು, ಒಂದು ಅವಳದು. ಅವಳು ತಪ್ಪು ಮಾಡಿದರೆ ತಿದ್ದುತ್ತಿರಲಿಲ್ಲ. ಹಿಮ ಕೇಳಿದರೆ ಚಹಾ ತರುತ್ತಿದ್ದರು. ಹೀಗೆ ಎರಡು ವರ್ಷ. ಕೊನೆಕೊನೆಗೆ ಇಪ್ಪತ್ತು ಮಾತು ಮರಳಿದ್ದವು. ಅದರಲ್ಲಿ ಮೂರು ಬೈಗುಳ. ಮೊದಲ ಬೈಗುಳ ಬಂದ ದಿನ ಭಾವ ಬೀದಿಗೆಲ್ಲ ಬೂರ್ಸೋಕ್ ಹಂಚಿದರು.

ಎರಡು ವರ್ಷ ತುಂಬಿದ ಮೇಲಿನ ಏಪ್ರಿಲಿನಲ್ಲಿ ಲಕ್ವದ ಮತ್ತೊಂದು ಹೊಡೆತ ಬಿತ್ತು. ಈ ಸಲ ನಾನೂ ಭಾವನೂ ಪಕ್ಕದಲ್ಲೇ ಇದ್ದೆವು. ಒಂದು ನಿಮಿಷವೂ ತಡವಾಗಲಿಲ್ಲ. ಉಳಿಯಲಿಲ್ಲ.

ಸಾವಿನ ಮನೆಯ ರೂಢಿಯಂತೆ ಅಂಗಳದಲ್ಲಿ ಯುರ್ಟ್ ಡೇರೆ ಎತ್ತಿದರು. ಒಳಗೆ ಹೆಂಗಸರು ಹಾಡಿ ಅತ್ತರು. ಹೊರಗೆ ಗಂಡಸರು ಸೊಂಟಕ್ಕೆ ಬಟ್ಟೆ ಬಿಗಿದು, ಕೋಲಿನ ಮೇಲೆ ಬಾಗಿ, ಬಂದವರಿಗೆ ಕೇಳುವಂತೆ ದನಿ ತೆಗೆದು ಅಳಬೇಕು. ಭಾವನಿಗೆ ಅದು ಬೇಡ, ಸುಮ್ಮನೆ ನಿಂತರೆ ಸಾಕು ಎಂದು ಹಿರಿಯರು ನನ್ನಿಂದ ಹೇಳಿಸಿದರು. ಭಾವ ಕೇಳಲಿಲ್ಲ. ಕೋಲು ಹಿಡಿದು ಬಾಯಿ ತೆರೆದರು. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ನಮ್ಮವರು ಯಾರೂ ಕೇಳಿರದ ದನಿ ಅದು. ತನಗೇ ಕೇಳದ ದನಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದು. ಒಳಗೆ ಹೆಂಗಸರು ಹಾಡು ನಿಲ್ಲಿಸಿದರು. ಕಡೆಗೆ ನಾನು ಹೋಗಿ ಅವರ ಎದೆಯ ಮೇಲೆ ಕೈಯಿಟ್ಟೆ.

ನಲವತ್ತನೇ ದಿನದ ಊಟ ಮುಗಿದ ಮೇಲೆ ಭಾವ ಅಂಗಡಿಗೆ ಬಂದು ತಮ್ಮ ಹಳೆಯ ಫೋನನ್ನು ನನ್ನ ಮುಂದಿಟ್ಟರು. "ಏಳು ವರ್ಷ ಇದರಲ್ಲಿ ಮಾತಾಡಿದ್ದೀವಿ. ಒಳಗೆ ಎಲ್ಲಾದ್ರೂ ಉಳ್ಕೊಂಡಿರುತ್ತಾ? ಒಂದು ದಿನದ್ದಾದ್ರೂ? ನೀನು ಕಳೆದುಹೋದ ಫೋಟೋ ಎಲ್ಲ ಹುಡುಕಿ ಕೊಡ್ತೀಯಲ್ಲ."

ಉಳಿದಿರುವುದಿಲ್ಲ. ಹರಿದು ಬಂದು ಹರಿದೇ ಹೋಗುವ ಚಿತ್ರ ಅದು. ಯಾರಾದರೂ ಉಳಿಸಿಟ್ಟರೆ ಮಾತ್ರ ಉಂಟು. ದಿನವೂ ಸಿಗುವುದನ್ನು ಯಾರು ಉಳಿಸಿಡುತ್ತಾರೆ? ಅದು ಗೊತ್ತಿದ್ದೂ ತೆರೆದು ನೋಡಿದೆ. ಇದ್ದದ್ದು ಕರೆಗಳ ಪಟ್ಟಿ ಮಾತ್ರ: ದಿನ, ಗಂಟೆ, ಎಷ್ಟು ಹೊತ್ತು. ಕೆಳಗೆ ಸರಿಸುತ್ತಾ ಹೋದೆ. ಆ ಫೆಬ್ರವರಿ ಬಂತು. ನನ್ನ ಹೆಸರು. ನಾಲ್ಕು ಸೆಕೆಂಡು. ಮತ್ತೆ ನನ್ನ ಹೆಸರು. ಆರು ಸೆಕೆಂಡು.

ಫೋನು ಕೆಳಗಿಟ್ಟು ಕೈ ಎತ್ತಿದೆ. "ಭಾವ, ನಾನು ಎರಡು ಸಲ ಕತ್ತರಿಸಿದೆ. ನಿಮ್ಮದು ಅಂತ..."

"ಗೊತ್ತು. ಅವತ್ತೇ ನೋಡಿದ್ದೆ" ಅಂದರು.

"ಎರಡು ವರ್ಷ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲವಲ್ಲ!"

ಅವರು ಹೇಳಿದರು: "ಮೊದಲು ತುಂಬ ಸಿಟ್ಟಿತ್ತು. ನಿನ್ನ ಮುಖ ನೋಡೋಕೂ ಆಗ್ತಿರಲಿಲ್ಲ. ಆದ್ರೆ ಜಗಳ ಆಡಿ ನಿನ್ನನ್ನ ಕಳಿಸಿಬಿಟ್ರೆ, ಅವಳ ಕೈ ಏನ್ ಹೇಳ್ತಿದೆ ಅಂತ ನಾನು ಇನ್ಯಾರನ್ನ ಕೇಳ್ಲಿ? ಮನೇಲಿ ಅವಳ ಭಾಷೆ ಬರ್ತಿದ್ದಿದ್ದು ನಮ್ಮಿಬ್ಬರಿಗೇ." ಆಮೇಲೆ, "ಈಗ ಸಿಟ್ಟಿದೆಯಾ ಅಂತ ಕೇಳ್ಬೇಡ. ಕೆಲವು ದಿನ ಇರುತ್ತೆ" ಅಂದರು.

ಫೋನನ್ನು ಎರಡು ದಿನ ನನ್ನ ಹತ್ತಿರವೇ ಇಟ್ಟುಕೊಂಡು ಮತ್ತೆ ಮತ್ತೆ ಹುಡುಕಿದೆ. ಮೂರನೇ ದಿನ ಹೊಸ ಬ್ಯಾಟರಿ ಹಾಕಿ ಕೊಟ್ಟೆ.

ಈಗ ಭಾವ ಅಕ್ಕ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲೇ ಬಟ್ಟೆಗೆ ಇಸ್ತ್ರಿ ಹಾಕುತ್ತಾರೆ. ರಷ್ಯಾದ ಮಾತೆತ್ತುವುದಿಲ್ಲ. ಬಿಡುವಿದ್ದರೆ ಅಂಗಡಿಗೆ ಬಂದು ಒಂದು ಬಟ್ಟಲು ಚಹಾ ಕುಡಿಯುತ್ತಾರೆ. ನನ್ನ ಕೈಮಾತು ಇತ್ತೀಚೆಗೆ ಜಡವಾಗಿದೆಯಂತೆ. ಬಟ್ಟಲು ಕೆಳಗಿಟ್ಟು, ನನ್ನ ಬೆರಳು ಹಿಡಿದು ತಿದ್ದಿ ಹೋಗುತ್ತಾರೆ.