ನಾನು ಅರ್ಧಕ್ಕೆ ನಿಲ್ಲಿಸಿದ ಸಿನಿಮಾ

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ. ಒಮ್ಮೆ ಹಾಗೆ ಕೂತವನು ದಾಂಡೇಲಿ ಬಸ್‌ಸ್ಟ್ಯಾಂಡಿನ ಮಂಗಗಳ ಬಗ್ಗೆ ಈ ಅಂಕಣಕ್ಕೆ ಬರೆದು ಕಳಿಸಿದೆ. ಇನ್ನೊಮ್ಮೆ ಹಳಿಯಾಳದ ಮೆಣಸಿನಕಾಯಿ ಭಜಿಯ ಬಗ್ಗೆ. ಓದಿದವರು ಚಂದ ಇದೆ ಎಂದಿರಿ. ಚಂದವೇ ಇತ್ತು. ತಪ್ಪಿಸಿಕೊಳ್ಳುವವನು ಯಾವಾಗಲೂ ಚಂದ ಬರೆಯುತ್ತಾನೆ.

ಈ ವಾರ ತಪ್ಪಿಸಿಕೊಳ್ಳಲು ಆಗಲಿಲ್ಲ. ಭಾನುವಾರ ಮಧ್ಯಾಹ್ನ ಕೇಬಲ್‌ನವನು ಒಂದು ಹಳೆಯ ಮರಾಠಿ ಸಿನಿಮಾ ಹಾಕಿಬಿಟ್ಟ.

ನಾನು, ನಮ್ಮ ಮನೆಯಾಕೆ, ಕಿರಿಯ ಮಗಳು ಪಲ್ಲವಿ, ಮೂವರೂ ಊಟ ಮುಗಿಸಿ ಕೂತಿದ್ದೆವು. ಟಿವಿಯಲ್ಲಿ ಒಂದು ಆಸ್ಪತ್ರೆ. ಉದ್ದನೆಯ ಬೆಂಚು. ಬೆಂಚಿನ ಮೇಲೆ ಮೂವರು ಹೆಂಗಸರು. ಒಬ್ಬಳು ಕಾಲೇಜು ಹುಡುಗಿ, ಒಬ್ಬಳು ಹೊಸದಾಗಿ ಮದುವೆಯಾದವಳು, ಇನ್ನೊಬ್ಬಳು ನಾಲ್ಕು ಮಕ್ಕಳ ತಾಯಿ. ಮೂವರಿಗೂ ಬೇಡದ ಬಸಿರು. ಇಟ್ಟುಕೊಳ್ಳುವುದೋ ತೆಗೆಸುವುದೋ ಎಂದು ಮೂವರೂ ತಲೆ ತಗ್ಗಿಸಿ ಕೂತಿದ್ದಾರೆ.

ನನ್ನ ಕೈ ರಿಮೋಟ್ ಹುಡುಕಿತು. ರಿಮೋಟ್ ಮನೆಯಾಕೆಯ ತೊಡೆಯ ಮೇಲಿತ್ತು.

ಈಗ ನೀವು ನನ್ನ ಜೊತೆ ಹದಿನೇಳು ವರ್ಷ ಹಿಂದೆ ಬರಬೇಕು.

ನಾನಾಗ ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಅಳೆಯುವವನು. ಮನೆ ಈಗಿನದೇ, ದಾಂಡೇಲಿಯ ಅಂಬೇವಾಡಿಯಲ್ಲಿ. ನಮ್ಮ ಓಣಿಯ ಗಣಪತಿ ಕಮಿಟಿಗೆ ನಾನೇ ಸೆಕ್ರೆಟರಿ. ಪ್ರತಿ ವರ್ಷ ಗಣಪತಿ ಕೂರಿಸಿದ ಮೂರನೆಯ ದಿನ ಮಧ್ಯಾಹ್ನ ಹೆಂಗಸರ ಶೋ ಇರುತ್ತಿತ್ತು. ಹಳಿಯಾಳದಿಂದ ಬಾಡಿಗೆಗೆ ಟಿವಿ, ಕ್ಯಾಸೆಟ್ ಹಾಕುವ ವಿಸಿಪಿ ತರುವುದು. ಗಣಪತಿಯ ಮುಂದೆ ಪರದೆ ಎಳೆಯುವುದು (ದೇವರು ಸಿನಿಮಾ ನೋಡಬಾರದು ಎಂಬುದು ನಮ್ಮ ಓಣಿಯ ಪದ್ಧತಿ). ಪರದೆಯ ಈಚೆ ಟಿವಿ ಇಟ್ಟು ಹೆಂಗಸರನ್ನು ಕೂರಿಸುವುದು. ಯಂತ್ರದ ಹತ್ತಿರ ಮಾತ್ರ ಗಂಡಸು. ಬಾಡಿಗೆ ಯಂತ್ರವನ್ನು ಹೆಂಗಸರು ಮುಟ್ಟಿದರೆ ಕೆಟ್ಟುಹೋಗುತ್ತದೆ ಎಂದು ನಮಗೆ ಯಾರು ಹೇಳಿದ್ದರೋ!

ಆ ವರ್ಷ ಇದೇ ಸಿನಿಮಾದ ಕ್ಯಾಸೆಟ್ ಆರಿಸಿದವನು ನಾನು. ಡಬ್ಬಿಯ ಮೇಲೆ ತಾಯಿಯೊಬ್ಬಳು ಕೂಸನ್ನು ಎತ್ತಿಕೊಂಡ ಚಿತ್ರವಿತ್ತು. ತಾಯಿ, ಮಗು, ಹಬ್ಬ. ಇದಕ್ಕಿಂತ ಯೋಗ್ಯವಾದದ್ದು ಇನ್ನೇನು ಬೇಕು? ಅಂಗಡಿಯವನನ್ನು ಕಥೆ ಏನೆಂದು ಕೇಳಲಿಲ್ಲ.

ಸಿನಿಮಾ ಅರ್ಧ ಆಗುವಷ್ಟರಲ್ಲಿ ನಾನು ಬೆವತಿದ್ದೆ. ಹೆಂಗಸರು ಉಸಿರು ಬಿಗಿಹಿಡಿದು ಕೂತಿದ್ದರು. ನಾಲ್ಕು ಮಕ್ಕಳ ತಾಯಿಯ ಸರದಿ ಬಂತು. ನರ್ಸು ಹೆಸರು ಕೂಗಿದಳು. ಆಕೆ ಕೈಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದಳು. ನಾನು ಬಟನ್ ಒತ್ತಿದೆ.

“ರೀಲ್ ಸಿಕ್ಕೊಂಡೈತ್ರಿ. ಶೋ ಮುಗೀತು,” ಎಂದೆ.

ಗದ್ದಲವೋ ಗದ್ದಲ. ಮುಂದೆ ಕೂತಿದ್ದ ಮುದುಕಿಯೊಬ್ಬಳು ಎದ್ದು ನಿಂತಳು. “ಏ ತಮ್ಮಾ, ಗಣಪತಿಗಂತೂ ಪರದೆ ಹಾಕೀದಿ. ನಮಗ್ಯಾಕ ಹಾಕ್ತೀ?”

ನಾನು ಕ್ಯಾಸೆಟ್ಟನ್ನು ಅಂಗಿಯೊಳಗೆ ತುರುಕಿಕೊಂಡು ಸೈಕಲ್ ಹತ್ತಿದೆ.

ಇಲ್ಲಿಗೆ ಮುಗಿದಿದ್ದರೆ ಇದು ನಗುವ ಕಥೆ. ಆದರೆ ಆ ಶೋನಲ್ಲಿ ನಮ್ಮ ಮನೆಯಾಕೆಯೂ ಕೂತಿದ್ದಳು. ಆಕೆಗೆ ಎರಡು ತಿಂಗಳಾಗಿತ್ತು. ಅದು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಮನೆಯಲ್ಲಿ ಆಗಲೇ ಮೂರು ಮಕ್ಕಳು. ಆಕೆಗೆ ಮೂವತ್ತೇಳು ವಯಸ್ಸು. ಆಕೆ ತೇರಗಾಂವದ ಹುಡುಗಿ, ಹತ್ತನೆಯದನ್ನು ಒಂದೇ ಏಟಿಗೆ ಪಾಸು ಮಾಡಿದವಳು. (ನನಗೆ ಎರಡು ಏಟು ಬೇಕಾದವು.) ನಮ್ಮ ಓಣಿಯ ಅಂಗನವಾಡಿಗೆ ಟೀಚರ್ ಆಗಿ ಆಕೆ ಆಯ್ಕೆಯಾಗಿದ್ದಳು. ಟ್ರೇನಿಂಗಿಗೆ ಧಾರವಾಡಕ್ಕೆ ಬರಬೇಕೆಂದು ಕಾಗದ ಬಂದಿತ್ತು. ಮೂರು ತಿಂಗಳು ಅಲ್ಲಿಯೇ ಇರಬೇಕು, ಬಸುರಿಯಾಗಿ ಅದು ಆಗದ ಮಾತು.

ಗಣಪತಿ ಬರುವ ಮುಂಚೆಯೇ ಒಂದು ದಿನ ನನ್ನ ಮುಂದೆ ಕೂತು ಹೇಳಿದ್ದಳು. “ನರ್ಸಬಾಯಿ ಹಂತ್ಯಾಕ ಹೋಗಿದ್ದೆ. ಇನ್ನೂ ಟೈಮ್ ಐತಂತ್ರೀ. ತಗಸೂದಿದ್ರ ಈಗ ತಗಸಬೇಕಂತ. ಏನ್ ಮಾಡೂಣು?”

“ನೋಡೂಣು,” ಎಂದಿದ್ದೆ.

ಗಂಡಸರ ಈ ‘ನೋಡೂಣು’ ಇದೆಯಲ್ಲ, ಇದರಷ್ಟು ಅನುಕೂಲದ ಮಾತು ಇನ್ನೊಂದಿಲ್ಲ. ಹೌದು ಎಂದ ಹಾಗೂ ಅಲ್ಲ, ಇಲ್ಲ ಎಂದ ಹಾಗೂ ಅಲ್ಲ. ಅಷ್ಟರಲ್ಲಿ ದಿನಗಳು ಕಳೆಯುತ್ತವೆ. ದಿನ ಕಳೆಯುವುದು ಯಾರ ಹೊಟ್ಟೆಯಲ್ಲಿ?

ಶೋ ಆದ ಮರುದಿನ ಆಕೆ ರೊಟ್ಟಿ ಬಡಿಯುತ್ತಿದ್ದಳು. ನಾನು ಹಳಿಯಾಳಕ್ಕೆ ಹೋಗಿ ಕ್ಯಾಸೆಟ್ ಕೊಟ್ಟು ಬಂದು ತಾಟಿನ ಮುಂದೆ ಕೂತಿದ್ದೆ.

“ಅಂಗಡ್ಯಾಗ ಉಳಿದದ್ದು ನೋಡಿದ್ರೇನ್ರಿ?”

“ಏನು?”

“ಸಿನಿಮಾ. ಆ ನಾಕ್ ಮಕ್ಕಳ ತಾಯಿ ಒಳಗ ಹೋದ್ಲಲ್ಲ. ಮುಂದ ಏನಾತು?”

ತಲೆ ಎತ್ತದೆ ಕೇಳಿದಳು. ಆಕೆ ಕೇಳುತ್ತಿರುವುದು ಸಿನಿಮಾದ ಮಾತಲ್ಲ ಎಂದು ನನಗೆ ತಿಳಿಯಲಿಲ್ಲವೇ? ಪೂರಾ ತಿಳಿದಿತ್ತು. ಅಂಗಡಿಯಲ್ಲಿ ನಾನು ಏನನ್ನೂ ನೋಡಿರಲಿಲ್ಲ. ಆದರೂ ಹೇಳಿದೆ.

“ಸತ್ಲು.”

ರೊಟ್ಟಿ ಬಡಿಯುವ ಸದ್ದು ನಿಂತಿತು.

“ಟೇಬಲ್ ಮ್ಯಾಲೇ ಸತ್ಲು. ರಗತ ನಿಲ್ಲಲಿಲ್ಲ. ಮಕ್ಕಳು ನಾಕೂ ದಿಕ್ಕಿಲ್ಲದಂಗ ಆದ್ವು. ಸಣ್ಣದು ಬಾಗಲಾಗ ಕುಂತು ಅಳ್ತಿತ್ತು.”

ನೋಡಿ, ಇರದ ಕೂಸನ್ನು ಬಾಗಿಲಲ್ಲಿ ಕೂರಿಸಿ ಅಳಿಸಿದೆ. ದಿಮ್ಮಿ ಅಳೆಯುವವನಿಗೆ ಎಲ್ಲಿಂದ ಬಂತು ಇಷ್ಟು ಕಥೆ ಕಟ್ಟುವ ಬುದ್ಧಿ?

ಭ್ರೂಣದ ಮೇಲಿನ ಕರುಣೆಯಿಂದ ಹಾಗೆ ಹೇಳಿದೆ ಎಂದು ಬರೆದರೆ ನೀವು ನಂಬಬಹುದು. ಅದು ನಿಜವಲ್ಲ. ಆಕೆ ಮೂರು ತಿಂಗಳು ಧಾರವಾಡದಲ್ಲಿ ಕೂತರೆ ಇಲ್ಲಿ ರೊಟ್ಟಿ ಬಡಿಯುವವರು ಯಾರು? ಹೆಂಡತಿ ಟೀಚರ್ ಆದಳು, ಗಂಡ ಕಟ್ಟಿಗೆ ಎಣಿಸುತ್ತಾನೆ ಎಂದು ಡಿಪೋದಲ್ಲಿ ನಗುವವರ ಬಾಯಿ ಮುಚ್ಚುವವರು ಯಾರು? ನನ್ನ ಭಯ ಇಷ್ಟೇ. ಬಹಳ ಸಣ್ಣದು.

ಆಕೆ ನರ್ಸಬಾಯಿಯ ಹತ್ತಿರ ಮತ್ತೆ ಹೋಗಲಿಲ್ಲ. ಧಾರವಾಡಕ್ಕೂ ಹೋಗಲಿಲ್ಲ. ಕೆಲಸ ಪಕ್ಕದ ಓಣಿಯ ಹುಡುಗಿಗೆ ಹೋಯಿತು.

ಪಲ್ಲವಿ ಹುಟ್ಟಿದಳು.

ಈಗ ಹೇಳಿ, ಇದನ್ನು ಹೇಗೆ ಬರೆಯುವುದು? ಪಲ್ಲವಿ ನಮ್ಮ ಮನೆಯ ಬೆಳಕು. ನನ್ನ ಚಷ್ಮಾ ಎಲ್ಲಿದೆ ಎಂದು ಗೊತ್ತಿರುವ ಜೀವ ಅದೊಂದೇ. ಈ ಅಂಕಣದ ಕಾಗುಣಿತ ತಿದ್ದುವವಳೂ ಆಕೆಯೇ. “ಅಪ್ಪಾ, ಇದು ಮಹಾಪ್ರಾಣ, ಸ್ವಲ್ಪ ಹೊಟ್ಟಿ ಸೀಳು,” ಎಂದು ನನ್ನ ಕೈಯಲ್ಲೇ ತಿದ್ದಿಸುತ್ತಾಳೆ. ತಪ್ಪಾಯಿತು ಎಂದು ತಾಯಿಗೆ ಹೇಳಿದರೆ ಮಗಳಿಗೆ ನೀನು ಬೇಡವಾಗಿದ್ದೆ ಎಂದ ಹಾಗೆ ಆಗುವುದಿಲ್ಲವೇ? ಈ ಪ್ರಶ್ನೆಯ ಹಿಂದೆ ಹದಿನೇಳು ವರ್ಷ ಅಡಗಿ ಕೂತಿದ್ದೇನೆ.

ಪಲ್ಲವಿಯನ್ನು ಅಂಗನವಾಡಿಗೆ ಬಿಡಲು ಹೋಗುತ್ತಿದ್ದ ನಮ್ಮಾಕೆ ಬೇಗ ಮನೆಗೆ ಬರುತ್ತಿರಲಿಲ್ಲ. ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ಟೀಚರ್ ಹುಡುಗಿ “ಅಕ್ಕಾ, ಆ ಹಾಡು ನೀವ ಹೇಳಿಕೊಡ್ರಿ, ನಿಮ್ಮಂಗ ನನಗ ಬರಂಗಿಲ್ಲ” ಎನ್ನುವವರೆಗೂ ಕಾಯುತ್ತಿದ್ದಳು. ಒಂದು ದಿನ ನಾನದನ್ನು ಬೇಲಿಯ ಆಚೆ ನಿಂತು ನೋಡಿದೆ. ಆಮೇಲೆ ಆ ದಾರಿಯಲ್ಲಿ ಸೈಕಲ್ ತಿರುಗಿಸಲಿಲ್ಲ.

ಇನ್ನು ಭಾನುವಾರಕ್ಕೆ ಬರೋಣ.

ಸಿನಿಮಾದ ಕೊನೆ ಬಂತು. ನಾಲ್ಕು ಮಕ್ಕಳ ತಾಯಿ ಆಸ್ಪತ್ರೆಯಿಂದ ಹೊರಬಂದಳು. ಮೆಲ್ಲಗೆ ನಡೆದು ಬಸ್ ಹತ್ತಿದಳು. ಮನೆಯಲ್ಲಿ ಮಕ್ಕಳು ಮುತ್ತಿಕೊಂಡವು. ಆಕೆ ಚಹಾ ಮಾಡಿಕೊಂಡು, ಗೋಡೆಗೆ ಒರಗಿ, ಒಂದೊಂದೇ ಗುಟುಕು ಕುಡಿದಳು. ಅಷ್ಟೇ. ಮುಗಿಯಿತು.

“ಸತ್ತಿಲ್ಲಲ್ಲರೀ ಆಕಿ,” ಎಂದಳು ನಮ್ಮ ಮನೆಯಾಕೆ.

ನಾನು ಆಗಲಾದರೂ ಸುಮ್ಮನಿರಬೇಕಿತ್ತು. “ಇದು ಬ್ಯಾರೆ ಸಿನಿಮಾ ಇರಬೇಕು,” ಎಂದೆ.

“ಹೌದ್ ಹೌದು. ಅದ ಸೀರಿ, ಅದ ಚೀಲ, ಅದ ನರ್ಸು. ಸಿನಿಮಾ ಮಾತ್ರ ಬ್ಯಾರೆ.”

ಪಲ್ಲವಿ ನಕ್ಕಳು. ನಮ್ಮಾಕೆಯೂ ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು. “ಇಷ್ಟ್ ವರ್ಷ ಆಕಿ ಸತ್ತಾಳಂತ ಮರಗೀನ್ರೀ ನಾನು.”

ಎದ್ದು ಒಳಗೆ ಹೋದಳು. ಬೈಯಲಿಲ್ಲ. ಬೈದಿದ್ದರೆ ನಾನು ಈ ವಾರವೂ ಮಂಗಗಳ ಬಗ್ಗೆ ಬರೆಯುತ್ತಿದ್ದೆನೇನೋ.

ಆ ದಿನ ನಾನು ನಿಜ ಹೇಳಿದ್ದರೆ ಆಕೆ ಏನು ಮಾಡುತ್ತಿದ್ದಳು? ನನಗೆ ಇವತ್ತಿಗೂ ಗೊತ್ತಿಲ್ಲ. ಧಾರವಾಡಕ್ಕೆ ಹೋಗುತ್ತಿದ್ದಳೋ, ಅಥವಾ ನಾನೇನೂ ಹೇಳದಿದ್ದರೂ ಪಲ್ಲವಿಯನ್ನೇ ಹೆರುತ್ತಿದ್ದಳೋ. ಗೊತ್ತಾಗದಂತೆ ಮಾಡಿದವನೇ ನಾನಲ್ಲವೇ?

ಇಷ್ಟನ್ನೂ ಬರೆದು ಅಳುಕುತ್ತಲೇ ಪಲ್ಲವಿಯ ಕೈಗೆ ಕೊಟ್ಟೆ. ಓದಿದಳು. ಎರಡು ಕಡೆ ಕಾಗುಣಿತ ತಿದ್ದಿದಳು. ಆಮೇಲೆ ನನ್ನನ್ನು ನೋಡಿದಳು.

“ಅವ್ವ ನನಗ ಯಾವಾಗೋ ಹೇಳ್ಯಾಳಪ್ಪಾ ಆ ಧಾರವಾಡದ ಕಾಗದದ ಸುದ್ದಿ. ನಾ ಹುಟ್ಟಿದ್ದಕ್ಕ ಕ್ಷಮಾ ಕೇಳಬ್ಯಾಡ. ನೀ ಸುಳ್ಳು ಹೇಳಿದ್ದಕ್ಕ ಕೇಳು. ಎರಡೂ ಬ್ಯಾರೆ ಬ್ಯಾರೆ.”

ಹತ್ತನೆಯದನ್ನು ಎರಡು ಏಟಿಗೆ ಮುಗಿಸಿದವನಿಗೆ ಇದು ತಿಳಿಯಲು ಮಗಳು ಪಿಯುಸಿಗೆ ಬರಬೇಕಾಯಿತು.

ಕೂಡಲೇ ಅಡುಗೆಮನೆಗೆ ಹೋದೆ. ಆಕೆ ತಿರುಗಿ ನೋಡಿ “ಏನ್ ಬೇಕ್ರೀ?” ಎಂದಳು.

“ಏನಿಲ್ಲ, ಚಾ ಇದ್ರ ಒಂದೀಟು,” ಎಂದೆ.

ಕುಡಿದು ಹೊರಬಂದು ಈ ಕಾಗದವನ್ನು ಮತ್ತೆ ತೆರೆದಿದ್ದೇನೆ. ಪೇಪರ್ ಬಂದ ದಿನ ಕೆಲಸವೆಲ್ಲ ಮುಗಿದ ಮೇಲೆ ಆಕೆ ಇದನ್ನು ಓದುತ್ತಾಳೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ.

ತಪ್ಪಾಯಿತು ಕಸ್ತೂರಿ, ಆ ಸಿನಿಮಾದ ಕೊನೆ ನಾನೂ ನೋಡಿರಲಿಲ್ಲ.